ಮೈ ಡಾರ್ಲಿಂಗ್ ಕ್ಲೆಮೆಂಟೈನ್

ಜಾನ್ ಫೋರ್ಡ್ ನಿರ್ದೇಶಿಸಿದ ಅಮೆರಿಕನ್ ಚಲನಚಿತ್ರ (1946). ವೆಸ್ಟರ್ನ್ ಪ್ರಕಾರದ ಶ್ರೇಷ್ಠ ಕೃತಿಗಳಲ್ಲೊಂದು. ಅರಿಜೋನಾದ ಟೂಮ್‌ಸ್ಟೋನ್ ಪಟ್ಟಣದಲ್ಲಿ 1881ರ ಅಕ್ಟೋಬರ್ 26ರಂದು ನಡೆದ ಓ.ಕೆ. ಕೊರಾಲ್ ಗುಂಡಿನ ಕಾಳಗ ಇದರ ಮೂಲ ವಸ್ತು. ಕಪ್ಪುಬಿಳುಪಿನ ಈ ಚಿತ್ರ ಸುಮಾರು 97 ನಿಮಿಷಗಳದು. ತಯಾರಿಸಿದ ಸಂಸ್ಥೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್. ಮಾರ್ಷಲ್ ವಾಯಟ್ ಅರ್ಪ್ ಆಗಿ ಹೆನ್ರಿ ಫಾಂಡಾ, ಡಾಕ್ ಹಾಲಿಡೇ ಆಗಿ ವಿಕ್ಟರ್ ಮೆಚೂರ್, ಮುದಿ ಕ್ಲ್ಯಾಂಟನ್ ಆಗಿ ವಾಲ್ಟರ್ ಬ್ರೆನನ್ ನಟಿಸಿದ್ದಾರೆ. ಚಿತ್ರದ ಹೆಸರು ಅಮೆರಿಕದ ಹಳೆಯ ಜನಪ್ರಿಯ ಹಾಡೊಂದರಿಂದ ಬಂದದ್ದು.

ಕಥೆ

ಅರ್ಪ್ ಸೋದರರು ನಾಲ್ವರು ಕ್ಯಾಲಿಫೋರ್ನಿಯಾಕ್ಕೆ ದನ ಹೊಡೆದುಕೊಂಡು ಹೊರಟಿರುತ್ತಾರೆ. ಕಿರಿಯವನಾದ ಜೇಮ್ಸ್‌ನನ್ನು ಕಾವಲಿಗೆ ಬಿಟ್ಟು ಉಳಿದ ಮೂವರು ಕ್ಷೌರಕ್ಕೆಂದು ಟೂಮ್‌ಸ್ಟೋನ್‌ಗೆ ಹೋಗುತ್ತಾರೆ. ವಾಯಟ್ ಕ್ಷೌರಿಕನ ಮುಂದೆ ಕುಳಿತಿರುವಾಗಲೇ ಕುಡುಕನೊಬ್ಬ ಗುಂಡು ಹಾರಿಸತೊಡಗುತ್ತಾನೆ. ಊರವರು ಹಿಂಜರಿದಾಗ ವಾಯಟ್ ತಾನೇ ಹೋಗಿ ಅವನನ್ನು ಎಳೆದುತರುತ್ತಾನೆ. ಮಾರ್ಷಲ್ ಕೆಲಸ ವಹಿಸಿಕೊಳ್ಳೆಂದು ಊರಿನವರು ಕೇಳಿಕೊಂಡರೂ ಒಪ್ಪುವುದಿಲ್ಲ. ಮರಳಿ ಬಂದು ನೋಡಿದರೆ ದನಗಳಿಲ್ಲ, ಮಳೆಯಲ್ಲಿ ತಮ್ಮನ ಹೆಣ ಬಿದ್ದಿದೆ. ಆಗ ವಾಯಟ್ ಆ ಕೆಲಸವನ್ನು ಒಪ್ಪಿಕೊಳ್ಳುತ್ತಾನೆ.

ಕ್ಲ್ಯಾಂಟನ್ ಮತ್ತು ಅವನ ಮಕ್ಕಳ ಮೇಲೆ ವಾಯಟ್‌ಗೆ ಅನುಮಾನ. ಊರಿನ ಜೂಜುಕಟ್ಟೆಗಳ ಒಡೆಯ ಹಾಲಿಡೇ ಕ್ಷಯರೋಗಿ. ವೈದ್ಯವೃತ್ತಿ ಬಿಟ್ಟು ಬಂದವನು. ಅವನನ್ನು ಹುಡುಕಿಕೊಂಡು ಬಾಸ್ಟನ್‌ನಿಂದ ಕ್ಲೆಮೆಂಟೈನ್ ಕಾರ್ಟರ್ (ಕ್ಯಾಥಿ ಡೌನ್ಸ್) ಬರುತ್ತಾಳೆ. ಅವನು ಅವಳನ್ನು ತಿರುಗಿ ಹೋಗೆನ್ನುತ್ತಾನೆ. ಮದ್ಯದಂಗಡಿಯ ಹಾಡುಗಾರ್ತಿ ಚಿವಾವಾಳ (ಲಿಂಡಾ ಡಾರ್ನೆಲ್) ಕೊರಳಲ್ಲಿ ಜೇಮ್ಸ್‌ನ ಬೆಳ್ಳಿಯ ಪದಕ ಸಿಕ್ಕಾಗ ಕೊಲೆಯ ಸುಳಿವು ಕ್ಲ್ಯಾಂಟನ್ ಮನೆಯತ್ತ ತಿರುಗುತ್ತದೆ. ಮತ್ತೊಬ್ಬ ತಮ್ಮ ವರ್ಜಿಲ್ ಕೂಡ ಹತನಾದ ಮೇಲೆ ಬೆಳಗಿನ ಜಾವ ಕೊರಾಲ್‌ನಲ್ಲಿ, ಅಂದರೆ ಕುದುರೆದೊಡ್ಡಿಯಲ್ಲಿ, ಕೊನೆಯ ಕಾಳಗ ನಡೆಯುತ್ತದೆ. ಹಾಲಿಡೇ ಅದರಲ್ಲಿ ಅರ್ಪ್‌ಗಳ ಪಕ್ಷ ಸೇರಿ ಪ್ರಾಣ ಬಿಡುತ್ತಾನೆ.

ತಯಾರಿಕೆ

ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಮತ್ತು ಫಾಂಡಾ ಇಬ್ಬರೂ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ್ದರು. ಯುದ್ಧ ಮುಗಿದ ಬಳಿಕ ಫೋರ್ಡ್ ತೆಗೆದ ಮೊದಲ ವೆಸ್ಟರ್ನ್ ಇದು. ಸ್ಟುವರ್ಟ್ ಲೇಕ್ 1931ರಲ್ಲಿ ಪ್ರಕಟಿಸಿದ ವಾಯಟ್ ಅರ್ಪ್‌ನ ಜೀವನಚರಿತ್ರೆ ಕಥೆಗೆ ಆಧಾರ. ಅದೇ ಪುಸ್ತಕವನ್ನು ಆಧರಿಸಿ ಅಲನ್ ಡ್ವಾನ್ 1939ರಲ್ಲೇ 'ಫ್ರಾಂಟಿಯರ್ ಮಾರ್ಷಲ್' ತೆಗೆದಿದ್ದರು. ನಿಜವಾದ ಟೂಮ್‌ಸ್ಟೋನ್ ಇರುವುದು ಅರಿಜೋನಾದ ಆಗ್ನೇಯ ಮೂಲೆಯಲ್ಲಿ. ಫೋರ್ಡ್ ತಮ್ಮ ಊರಿನ ಸೆಟ್ಟನ್ನು ಕಟ್ಟಿಸಿದ್ದು ಉತ್ತರದ ಗಡಿಯಲ್ಲಿರುವ, ನವಾಹೋ ಜನರ ನೆಲವಾದ ಮಾನ್ಯುಮೆಂಟ್ ವ್ಯಾಲಿಯಲ್ಲಿ. ಛಾಯಾಗ್ರಾಹಕ ಜೋ ಮೆಕ್‌ಡೊನಾಲ್ಡ್ ಅಲ್ಲಿನ ಬೃಹತ್ ಬಂಡೆಗಳನ್ನೂ ವಿಶಾಲ ಆಕಾಶವನ್ನೂ ಬೀದಿಯ ತುದಿಯಲ್ಲೇ ನಿಲ್ಲಿಸಿದ್ದಾರೆ. ಅವುಗಳ ಕೆಳಗೆ ಊರು ನಿನ್ನೆ ಮೊನ್ನೆ ಹುಟ್ಟಿದಂತೆ ಕಾಣುತ್ತದೆ.

ಫೋರ್ಡ್ ಒಪ್ಪಿಸಿದ ಪ್ರತಿಯನ್ನು ಸಂಸ್ಥೆಯ ಮುಖ್ಯಸ್ಥ ಡ್ಯಾರಿಲ್ ಝ್ಯಾನಕ್ ಕತ್ತರಿಸಿ, ಕೆಲವು ದೃಶ್ಯಗಳನ್ನು ಮತ್ತೆ ತೆಗೆಸಿದರು. ಬಿಡುಗಡೆಗೆ ಮುಂಚಿನ, ತುಸು ಉದ್ದನೆಯ ಪ್ರತಿಯೊಂದು ದಶಕಗಳ ನಂತರ ಬೆಳಕಿಗೆ ಬಂತು. ಅದರಲ್ಲಿ ವಾಯಟ್ ಕ್ಲೆಮೆಂಟೈನಳ ಕೈ ಕುಲುಕಿ ಬೀಳ್ಕೊಳ್ಳುತ್ತಾನೆ. ಬಿಡುಗಡೆಯಾದ ಪ್ರತಿಯಲ್ಲಿ ಕೆನ್ನೆಗೆ ಮುತ್ತಿಡುತ್ತಾನೆ.

ಇತಿಹಾಸ ಮತ್ತು ಚಿತ್ರ

ಚಿತ್ರ ಇತಿಹಾಸವನ್ನು ಧಾರಾಳವಾಗಿ ಬದಲಿಸಿದೆ. ಊರಿನ ನಿಜವಾದ ಮಾರ್ಷಲ್ ವರ್ಜಿಲ್. ಅಂದು ವಾಯಟ್ ಅವನ ಸಹಾಯಕ. ಪಟ್ಟಣದೊಳಗೆ ಆಯುಧ ಧರಿಸಬಾರದೆಂಬ ಕಟ್ಟಳೆಯನ್ನು ಜಾರಿಗೊಳಿಸಲು ಅವರು ಹೋದಾಗ ಕಾಳಗ ನಡೆಯಿತು. ಅದು ಮುಗಿಯಲು ಅರ್ಧ ನಿಮಿಷ ಸಾಕಾಯಿತು. ನಡೆದ ಜಾಗವೂ ಕುದುರೆದೊಡ್ಡಿಯಲ್ಲ, ಸಮೀಪದ ಇಕ್ಕಟ್ಟಾದ ಖಾಲಿ ನಿವೇಶನ. ಸತ್ತವರು ಬಿಲ್ಲಿ ಕ್ಲ್ಯಾಂಟನ್ ಮತ್ತು ಮೆಕ್‌ಲಾರಿ ಸೋದರರಿಬ್ಬರು. ಮುದಿ ಕ್ಲ್ಯಾಂಟನ್ ಅದಕ್ಕೆ ಎರಡು ತಿಂಗಳ ಮುಂಚೆಯೇ ತೀರಿಕೊಂಡಿದ್ದ. ಜೇಮ್ಸ್ ಈ ನಾಲ್ವರು ಅರ್ಪ್ ಸೋದರರಲ್ಲಿ ಹಿರಿಯ, 1926ರವರೆಗೂ ಬದುಕಿದ್ದ. ಹಾಲಿಡೇ ದಂತವೈದ್ಯ, ಸತ್ತದ್ದು 1887ರಲ್ಲಿ, ಕೊಲೊರಾಡೋದಲ್ಲಿ, ಕ್ಷಯದಿಂದ. ಕ್ಲೆಮೆಂಟೈನ್ ಕಾಲ್ಪನಿಕ ಪಾತ್ರ.

ಮಹತ್ವ

ಘಟನೆಗಳ ವಿವರದಲ್ಲಿ ನಂಬಲಾಗದ ಈ ಚಿತ್ರ ಊರೊಂದು ಊರಾಗುವ ಬಗೆಯನ್ನು ಅಪಾರ ಪ್ರೀತಿಯಿಂದ ಕಂಡಿದೆ. ಮುಖಮಂಟಪದ ಕಂಬಕ್ಕೆ ಕಾಲೂರಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕೂರುವ ವಾಯಟ್‌ನಲ್ಲಿ ಆತುರವಿಲ್ಲ. ಅಲೆಮಾರಿ ನಟನೊಬ್ಬ ಮದ್ಯದಂಗಡಿಯ ಮೇಜಿನ ಮೇಲೆ ನಿಂತು ಹ್ಯಾಮ್ಲೆಟ್‌ನ ಸ್ವಗತ ಹೇಳುತ್ತ ಮಾತು ಮರೆತಾಗ, ಅದನ್ನು ಮುಂದುವರಿಸುವವನು ಸಾವಿನ ಅಂಚಿನಲ್ಲಿರುವ ಹಾಲಿಡೇ. ಚಿತ್ರದ ಹೃದಯವಿರುವುದು ಭಾನುವಾರದ ದೃಶ್ಯದಲ್ಲಿ. ಚರ್ಚಿಗೆ ಇನ್ನೂ ಗೋಡೆಯಿಲ್ಲ, ಪಾದ್ರಿ ಬಂದಿಲ್ಲ. ಹಲಗೆಯ ನೆಲ, ಗಂಟೆಗೋಪುರದ ಚೌಕಟ್ಟು, ಎರಡು ಬಾವುಟ ಇಷ್ಟೇ. ನೃತ್ಯ ಮಾಡಬಾರದೆಂದು ಧರ್ಮಗ್ರಂಥದಲ್ಲಿ ಎಲ್ಲೂ ಕಾಣಲಿಲ್ಲ ಎಂದು ಊರ ಹಿರಿಯ ಸಾರುತ್ತಾನೆ. ಪಿಟೀಲು ಮೊಳಗುತ್ತದೆ. ವಾಯಟ್ ಸಂಕೋಚದಿಂದಲೇ ಕ್ಲೆಮೆಂಟೈನಳ ಕೈಹಿಡಿದು ಆ ಬಯಲ ನೆಲದ ಮೇಲೆ ಕುಣಿಯುತ್ತಾನೆ.

ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಇದು 1991ರಲ್ಲಿ ಸೇರಿತು. ಇದೇ ಕಾಳಗವನ್ನು ಕುರಿತು 'ಗನ್‌ಫೈಟ್ ಅಟ್ ದಿ ಓ.ಕೆ. ಕೊರಾಲ್' (1957), 'ಟೂಮ್‌ಸ್ಟೋನ್' (1993) ಮುಂತಾದ ಚಿತ್ರಗಳು ಬಂದಿವೆ. ಫೋರ್ಡ್ ಚಿತ್ರದ ಕೊನೆಯಲ್ಲಿ ಮಾರ್ಷಲ್ ಕುದುರೆ ಹತ್ತಿ ಹೊರಟುಹೋಗುತ್ತಾನೆ. ಮಕ್ಕಳಿಗೆ ಪಾಠ ಹೇಳಲು ಕ್ಲೆಮೆಂಟೈನ್ ಊರಿನಲ್ಲೇ ಉಳಿಯುತ್ತಾಳೆ.