ಒಂದು ಒಪ್ಪಂದ, ಎರಡು ಅರ್ಥ: ನ್ಯೂಜಿಲೆಂಡ್‌ನ ವೈಟಾಂಗಿ ದಿನ

ಇವತ್ತು ನ್ಯೂಜಿಲೆಂಡ್‌ಗೆ ಹೋಗೋಣ. ಅಲ್ಲಿ ಫೆಬ್ರವರಿ 6 ರಾಷ್ಟ್ರೀಯ ರಜೆ, ವೈಟಾಂಗಿ ಡೇ. ಅದು ಹಬ್ಬವೂ ಹೌದು, ಪ್ರತಿಭಟನೆಯ ದಿನವೂ ಹೌದು. ಯಾಕೆ?

1840ರಲ್ಲಿ ಅದೇ ದಿನ, ವೈಟಾಂಗಿ ಅನ್ನೋ ಜಾಗದಲ್ಲಿ, ವಿಕ್ಟೋರಿಯಾ ರಾಣಿ ಪರವಾಗಿ ಕ್ಯಾಪ್ಟನ್ ವಿಲಿಯಂ ಹಾಬ್ಸನ್ ಮತ್ತು ಮಾವೋರಿ ಮುಖಂಡರು ಒಪ್ಪಂದಕ್ಕೆ ಸಹಿ ಹಾಕಿದ್ರು. ಮೊದಲ ದಿನ ನಲವತ್ತಕ್ಕೂ ಹೆಚ್ಚು ಜನ. ನಂತರ ಪ್ರತಿಗಳು ಊರೂರು ಸುತ್ತಿ, ಒಟ್ಟು 500ಕ್ಕೂ ಹೆಚ್ಚು ಸಹಿ ಬಿದ್ವು.

ಎಡವಟ್ಟು ಆಗಿದ್ದು ಅನುವಾದದಲ್ಲಿ. ಮಿಷನರಿ ಹೆನ್ರಿ ವಿಲಿಯಮ್ಸ್ ಮತ್ತು ಅವರ ಮಗ ಒಂದೇ ರಾತ್ರಿಯಲ್ಲಿ ಅದನ್ನ ಮಾವೋರಿಗೆ ತಂದ್ರು. ಇಂಗ್ಲಿಷ್ ಪ್ರತಿ ಪ್ರಕಾರ ಮುಖಂಡರು ಸಾರ್ವಭೌಮತ್ವವನ್ನೇ ಬಿಟ್ಟುಕೊಟ್ರು. ಮಾವೋರಿ ಪ್ರತಿಯಲ್ಲಿ ಇದ್ದ ಪದ 'ಕಾವನತಂಗ'. 'ಗವರ್ನರ್' ಅನ್ನೋದರಿಂದಲೇ ಹುಟ್ಟಿದ ಪದ ಅದು, ಅಂದ್ರೆ ಆಡಳಿತ ಅಷ್ಟೇ. ಜೊತೆಗೆ ನೆಲ, ಹಳ್ಳಿ, ಸಂಪತ್ತಿನ ಮೇಲೆ ಅವರ ಪೂರ್ಣ ಅಧಿಕಾರ ಉಳಿಯುತ್ತೆ ಅಂತ ಭರವಸೆ. ಬಹುತೇಕ ಎಲ್ಲರೂ ಸಹಿ ಹಾಕಿದ್ದು ಈ ಮಾವೋರಿ ಪ್ರತಿಗೆ.

ಬಿಕಾಂನಲ್ಲಿ ನಾವು ಓದಿದ್ದು ನೆನಪಿದೆಯಾ? ನಮ್ಮ 1872ರ ಕಾಂಟ್ರಾಕ್ಟ್ ಆಕ್ಟ್, ಸೆಕ್ಷನ್ 13: ಇಬ್ಬರೂ ಒಂದೇ ವಿಷಯವನ್ನ ಒಂದೇ ಅರ್ಥದಲ್ಲಿ ಒಪ್ಪಿದ್ರೆ ಮಾತ್ರ ಅದು ಸಮ್ಮತಿ. ಅಲ್ಲಿನ ಕಾನೂನು ಬೇರೆ, ಆದ್ರೆ ಪ್ರಶ್ನೆ ಇದೇ.

ಮುಂದೆ ಯುದ್ಧ ಆಯ್ತು, 1863ರ ಕಾಯ್ದೆಯಡಿ ಭೂಮಿ ಜಪ್ತಿ ಆಯ್ತು. 1975ರಲ್ಲಿ ಸುಮಾರು 80ರ ವಯಸ್ಸಿನ ವಿನಾ ಕೂಪರ್ ದೇಶದ ಉತ್ತರ ತುದಿಯಿಂದ ಪಾರ್ಲಿಮೆಂಟ್‌ವರೆಗೆ ಭೂಮಿಗಾಗಿ ಪಾದಯಾತ್ರೆ ನಡೆಸಿದ್ರು. ಅದೇ ವರ್ಷ ದೂರು ಕೇಳೋಕೆ ವೈಟಾಂಗಿ ಟ್ರಿಬ್ಯುನಲ್ ಬಂತು. 1985ರಿಂದ ಅದು 1840ರವರೆಗಿನ ಹಳೇ ಅನ್ಯಾಯಗಳನ್ನೂ ವಿಚಾರಿಸಬಹುದಾಯ್ತು.

ಆಕ್ಲೆಂಡ್‌ನಲ್ಲಿರೋ ನಮ್ಮಕ್ಕನ ಮನೇಲಿ ಈ ರಜೆ ಬಂದ್ರೆ ಚರ್ಚೆ ಶುರು. ಭಾವ ಅಂತಾರೆ, "ನಾವು ಮೊನ್ನೆ ಬಂದವರು, ಈ ಜಗಳ ನಮ್ಮದಲ್ಲ." ಅಕ್ಕ ಕೇಳ್ತಾಳೆ, "ನಮ್ಮ ವೀಸಾಗೆ ಸ್ಟಾಂಪ್ ಹಾಕಿದ ಸರ್ಕಾರಕ್ಕೆ ಆ ಅಧಿಕಾರ ಎಲ್ಲಿಂದ ಬಂತು ಹೇಳಿ?" ಮಗಳಿಗೆ ಉತ್ತರ ಗೊತ್ತು. ಅವಳ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ: 'ತಂಗತ ತಿರಿತಿ', ಅಂದ್ರೆ ಒಪ್ಪಂದದ ಮೂಲಕ ಇಲ್ಲಿ ನೆಲೆ ಪಡೆದ ಜನ. "ಅಪ್ಪಾ, ಅದು ನಾವೇ!"

ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಆದ್ರೆ 2024ರಲ್ಲಿ ಒಪ್ಪಂದದ ತತ್ವಗಳನ್ನ ಹೊಸದಾಗಿ ವ್ಯಾಖ್ಯಾನಿಸೋ ಮಸೂದೆ ಬಂದು, ಸಾವಿರಾರು ಜನ ವೆಲ್ಲಿಂಗ್ಟನ್‌ಗೆ ನಡೆದಾಗ, ಅವರು ಎರಡೂ ಪ್ರತಿ ಕೂತು ಓದಿದ್ರು. 2025ರ ಏಪ್ರಿಲ್‌ನಲ್ಲಿ ಆ ಮಸೂದೆ 112–11 ಮತಗಳಿಂದ ಬಿತ್ತು.

ನೀವು ಹೊರದೇಶದಲ್ಲಿದ್ದೀರಾ? ನೀವು ನಿಂತಿರೋ ನೆಲದ ಹಳೇ ಕಾಗದದಲ್ಲಿ ಏನು ಬರೆದಿದೆ? ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.