ಸುಮ್ಮನಿರಲಾರದ ರಿಸೀವರ್

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವವರ ಹತ್ತಿರ "433 ಮೆಗಾಹರ್ಟ್ಸ್ ಜೋಡಿ" ಅಂತ ಕೇಳಿದರೆ ಎರಡು ಪುಟ್ಟ ಹಸಿರು ಬೋರ್ಡುಗಳನ್ನು ಕೊಡುತ್ತಾರೆ. ಒಂದೆರಡು ಮಸಾಲೆದೋಸೆಯ ದುಡ್ಡು, ಅಷ್ಟೇ. ಮೂರು ಕಾಲಿನದ್ದು ಟ್ರಾನ್ಸ್‌ಮಿಟರ್, ನಾಲ್ಕು ಕಾಲಿನದ್ದು ರಿಸೀವರ್. (ರಿಸೀವರ್‌ನ ನಡುವಿನ ಎರಡೂ ಕಾಲು ಒಂದೇ ಡೇಟಾ, ಯಾವುದಕ್ಕೆ ಬೇಕಾದರೂ ವೈರ್ ಹಾಕಬಹುದು. ಎರಡು ಯಾಕೆ ಕೊಟ್ಟರೋ!) ಮನೆಯಲ್ಲಿ ವೈರ್‌ಲೆಸ್ ಸೆನ್ಸರ್ ಮಾಡಹೊರಟವರು ಹೆಚ್ಚಾಗಿ ಇದರಿಂದಲೇ ಶುರು ಮಾಡುತ್ತಾರೆ, ಹೆಚ್ಚಾಗಿ ಇದನ್ನೇ ಬೈಯುತ್ತಾರೆ.

ಬೈಗುಳ ಯಾವಾಗಲೂ ಒಂದೇ ಥರ. "ಟ್ರಾನ್ಸ್‌ಮಿಟರ್ ಆಫ್ ಮಾಡಿಟ್ಟಿದ್ದೀನಿ ಕಣೋ, ಆದರೂ ರಿಸೀವರ್ ಏನೇನೋ ಒದರ್ತಾ ಇದೆ. ಪೀಸೇ ಸರಿ ಇಲ್ಲ!" ನನ್ನ ಗೆಳೆಯನೊಬ್ಬ ಹೀಗೆ ಎರಡು ರಿಸೀವರ್‌ಗಳನ್ನು ಕಸದ ಬುಟ್ಟಿಗೆ ಹಾಕಿದ. ಪಾಪ, ಅವೆರಡೂ ನೆಟ್ಟಗೇ ಇದ್ದವು. ಆ ಒದರಾಟ ಕೆಟ್ಟುಹೋಗಿದ್ದರ ಗುರುತಲ್ಲ, ಜೀವ ಇರುವುದರ ಗುರುತು. ಅದು ಯಾಕೆ ಅಂತ ತಿಳಿಯಬೇಕಾದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

1912. ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ ಆಗಿನ್ನೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಲೀ ಡಿ ಫಾರೆಸ್ಟ್ ಎಂಬಾತ 1906ರಲ್ಲಿ ಮಾಡಿದ್ದ ಆಡಿಯಾನ್ ಎಂಬ ವಾಲ್ವ್ ಇತ್ತು, ಆದರೆ ಅದರಿಂದ ಪೂರ್ತಿ ಕೆಲಸ ತೆಗೆಯುವುದು ಹೇಗೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆರ್ಮ್‌ಸ್ಟ್ರಾಂಗ್ ಮಾಡಿದ್ದಿಷ್ಟೇ: ವಾಲ್ವ್‌ನಿಂದ ಹೊರಬಂದ ಸಿಗ್ನಲ್ಲಿನ ಒಂದು ಪಾಲನ್ನು ಮತ್ತೆ ಒಳಕ್ಕೇ ಕೊಟ್ಟ. ಅದು ಇನ್ನಷ್ಟು ದೊಡ್ಡದಾಗಿ ಹೊರಬಂತು, ಅದರ ಪಾಲು ಮತ್ತೆ ಒಳಕ್ಕೆ ಹೋಯಿತು...

ರಾಜ್ಯೋತ್ಸವದ ಪೆಂಡಾಲಿನಲ್ಲಿ ಮೈಕು ಸ್ಪೀಕರ್ ಕಡೆ ತಿರುಗಿದಾಗ "ಕುಂಯ್..." ಅಂತ ಕಿವಿ ಹರಿಯುವ ಹಾಗೆ ಕೂಗುತ್ತದಲ್ಲ, ಅದೂ ಇದೇ. ಕೂಗು ಶುರುವಾಗುವುದಕ್ಕೆ ಕೂದಲೆಳೆಯಷ್ಟು ಮುಂಚೆ ನಿಲ್ಲಿಸಿದರೆ ಆ ಮೈಕು ಮೂಲೆಯಲ್ಲಿ ಕೂತವರ ಪಿಸುಮಾತನ್ನೂ ಹಿಡಿಯುತ್ತದೆ. ಆರ್ಮ್‌ಸ್ಟ್ರಾಂಗ್‌ನ ರೀಜನರೇಟಿವ್ ಸರ್ಕ್ಯೂಟ್ ನಿಂತಿದ್ದು ಆ ಕೂದಲೆಳೆಯ ಮೇಲೆ. ಗುಬುಟನ್ನು ಸ್ವಲ್ಪ ಹೆಚ್ಚು ತಿರುಗಿಸಿದರೆ ರೇಡಿಯೋ ತಾನೇ ಕೂಗಿಕೊಂಡು, ಅಕ್ಕಪಕ್ಕದ ಮನೆಯವರ ರೇಡಿಯೋ ಕೂಡ ಕೂಗುವ ಹಾಗೆ ಮಾಡುತ್ತಿತ್ತು.

1914ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಹಿಂದೆಯೇ ಡಿ ಫಾರೆಸ್ಟ್ ಜೊತೆ ಕೋರ್ಟಿನ ಜಗಳವೂ ಬಂತು. ಇಪ್ಪತ್ತು ವರ್ಷ ಎಳೆದ ಆ ಕೇಸಿಗಾಗಿ ಹಳೆಯ ಸರ್ಕ್ಯೂಟನ್ನು ಮತ್ತೆ ಜೋಡಿಸಿ ತಯಾರಿ ನಡೆಸುವಾಗಲೇ ಆರ್ಮ್‌ಸ್ಟ್ರಾಂಗ್‌ಗೆ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ವಾಲ್ವನ್ನು ಕೂಗಲು ಬಿಡಬೇಕು, ಕೂಡಲೇ ಬಾಯಿ ಮುಚ್ಚಿಸಬೇಕು, ಮತ್ತೆ ಬಿಡಬೇಕು. ಸೆಕೆಂಡಿಗೆ ಸಾವಿರಾರು ಸಲ ಹೀಗೆ ಮಾಡಿದರೆ ಒಂದೇ ವಾಲ್ವ್‌ನಿಂದ ಹಿಂದೆಂದೂ ಕಾಣದಷ್ಟು ವರ್ಧನೆ ಸಿಗುತ್ತದೆ! ಹೊರಗಿನಿಂದ ಸಿಗ್ನಲ್ ಬಂದಿದ್ದರೆ ಕೂಗು ಬೇಗ ಏಳುತ್ತದೆ, ಬರದಿದ್ದರೆ ನಿಧಾನವಾಗಿ ಏಳುತ್ತದೆ. ಆ ವ್ಯತ್ಯಾಸವನ್ನು ಅಳೆದರೆ ಸಾಕು. ಇದೇ ಸೂಪರ್ ರೀಜನರೇಟಿವ್ ರಿಸೀವರ್. 1922ರಲ್ಲಿ ಇದನ್ನು ಪ್ರಕಟಿಸಿದ.

ಈಗ ಗೆಳೆಯನ ಬೈಗುಳಕ್ಕೆ ಉತ್ತರ ಸಿಕ್ಕಿತಲ್ಲವೇ? ಸಿಗ್ನಲ್ ಇಲ್ಲದಿದ್ದರೂ ಕೂಗು ಏಳಲೇಬೇಕು. ಏಳುವುದಕ್ಕೆ ಒಂದು ಕಿಡಿ ಬೇಕು, ಆ ಕಿಡಿ ಸಿಗುವುದು ಸರ್ಕ್ಯೂಟಿನೊಳಗೆ ಶಾಖದಿಂದ ಹುಟ್ಟುವ ಗದ್ದಲದಿಂದ. ಗಾಳಿಯಲ್ಲಿ ಏನೂ ಇಲ್ಲದಾಗ ಈ ರಿಸೀವರ್ ಆ ಗದ್ದಲವನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಎಸ್.ಪಿ. ರೋಡಿನ ಬೋರ್ಡಿನಲ್ಲಿರುವುದೂ ಇದೇ ಸರ್ಕ್ಯೂಟ್, ವಾಲ್ವ್ ಬದಲು ಟ್ರಾನ್ಸಿಸ್ಟರ್. ಅದರ ಹಿಂದೆ ಸಾಮಾನ್ಯವಾಗಿ ಎಲ್.ಎಂ. 358 ಎಂಬ ಎಂಟು ಕಾಲಿನ ಚಿಪ್ ಇರುತ್ತದೆ. ಬರುತ್ತಿರುವುದರ ಸರಾಸರಿಯನ್ನು ನೋಡುತ್ತಾ, ಅದಕ್ಕಿಂತ ಮೇಲಿದ್ದರೆ 1, ಕೆಳಗಿದ್ದರೆ 0 ಅನ್ನುತ್ತದೆ. ಗದ್ದಲಕ್ಕೂ ಒಂದು ಸರಾಸರಿ ಇರುತ್ತದಾದ್ದರಿಂದ ಅದನ್ನೂ 1, 0 ಮಾಡಿ ಕೊಡುತ್ತದೆ. ಡೇಟಾ ಕಾಲು ಒದರದೆ ತಣ್ಣಗೆ ಕೂತಿದ್ದರೆ ಆಗ ಅನುಮಾನಪಡಿ.

ಆರ್.ಸಿ.ಎ. ಕಂಪನಿ ಈ ಆವಿಷ್ಕಾರಕ್ಕೆ 1922ರಲ್ಲಿ 2 ಲಕ್ಷ ಡಾಲರ್ ನಗದು ಮತ್ತು 60 ಸಾವಿರ ಷೇರು ಕೊಟ್ಟಿತು. ಆಮೇಲೆ ಸಿಕ್ಕ ಷೇರುಗಳೂ ಸೇರಿ ಆರ್ಮ್‌ಸ್ಟ್ರಾಂಗ್ ಆ ಕಂಪನಿಯ ಅತಿದೊಡ್ಡ ಷೇರುದಾರನಾದ. ತಮಾಷೆ ಅಂದರೆ ಅಷ್ಟು ದುಡ್ಡು ಸುರಿದು ಕೊಂಡ ಸರ್ಕ್ಯೂಟ್ ಮನೆ ರೇಡಿಯೋಗೆ ಉಪಯೋಗಕ್ಕೇ ಬರಲಿಲ್ಲ. ಪಕ್ಕಪಕ್ಕದ ಸ್ಟೇಷನ್‌ಗಳನ್ನು ಬೇರೆ ಮಾಡುವ ಶಕ್ತಿ ಅದಕ್ಕಿರಲಿಲ್ಲ. ಮನೆಮನೆಗೆ ಬಂದದ್ದು ಆತನದೇ ಇನ್ನೊಂದು ಆವಿಷ್ಕಾರ, 1918ರ ಸೂಪರ್ ಹೆಟರೊಡೈನ್. ಕೋರ್ಟಿನಲ್ಲಿ 1934ರಲ್ಲಿ ಅಂತಿಮವಾಗಿ ಗೆದ್ದವನು ಡಿ ಫಾರೆಸ್ಟ್. ರೇಡಿಯೋ ಇಂಜಿನಿಯರುಗಳ ಸಂಸ್ಥೆ ಹಿಂದೆ ತನಗೆ ಕೊಟ್ಟಿದ್ದ ಪದಕವನ್ನು ಆರ್ಮ್‌ಸ್ಟ್ರಾಂಗ್ ವಾಪಸ್ ಕೊಡಲು ಹೋದ, ಅವರು ತೆಗೆದುಕೊಳ್ಳಲಿಲ್ಲ. ಎಫ್.ಎಂ. ಕೂಡ ಆತನದೇ ಕೊಡುಗೆ, ಅದಕ್ಕೂ ಕೋರ್ಟು ಅಲೆದ. 1954ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಕಿಟಕಿಯಿಂದ ಹಾರಿ ಪ್ರಾಣ ಬಿಟ್ಟ. 63 ವರ್ಷ. ಓದಿ ಮುಗಿಸಿದ ಮೇಲೆ ನನಗೆ ತುಂಬಾ ಹೊತ್ತು ಏನೂ ಮಾಡಲು ತೋಚಲಿಲ್ಲ.

ಸರ್ಕ್ಯೂಟ್ ಮಾತ್ರ ಸಾಯಲಿಲ್ಲ. 1930ರ ದಶಕದಲ್ಲಿ ಹ್ಯಾಮ್‌ಗಳು ಅದನ್ನು ಐದು ಮೀಟರ್ ಅಲೆಗಳಿಗೆ ಬಳಸಿದರು. ಎರಡನೇ ಮಹಾಯುದ್ಧದಲ್ಲಿ ಬಂದ ವಿಮಾನ ನಮ್ಮದೋ ಶತ್ರುವಿನದೋ ಎಂದು ರೇಡಾರ್‌ನವರು ಕಂಡುಹಿಡಿಯಬೇಕಿತ್ತಲ್ಲ, ಆಗ ಬ್ರಿಟಿಷರು ವಿಮಾನದೊಳಗೆ ಇಟ್ಟ ಮಾರ್ಕ್ 3 ಪೆಟ್ಟಿಗೆಯಲ್ಲಿದ್ದದ್ದು ಇದೇ ರಿಸೀವರ್. ಅದರ ವಿನ್ಯಾಸದ ಹಿಂದಿದ್ದ ಫ್ರೆಡಿ ವಿಲಿಯಮ್ಸ್ ಯುದ್ಧ ಮುಗಿದ ಮೇಲೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದರು. 1948ರಲ್ಲಿ, ಪ್ರೋಗ್ರಾಮನ್ನು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡು ಓಡಿಸಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ತಯಾರಾದದ್ದು ಅಲ್ಲೇ. ನಂತರದ ಮ್ಯಾಂಚೆಸ್ಟರ್ ಮಾರ್ಕ್ 1ರ ಮ್ಯಾಗ್ನೆಟಿಕ್ ಡ್ರಮ್‌ನಲ್ಲಿ ಮಾಹಿತಿ ಬರೆಯಲು ಒಂದು ಕೋಡ್ ಬಳಸಿದರು. ಪ್ರತಿ ಬಿಟ್‌ನ ನಡುವೆ ಒಂದು ಏರಿಳಿತ ಇದ್ದೇ ಇರುತ್ತದೆ, ಹಾಗಾಗಿ 1 ಎಷ್ಟೋ 0 ಅಷ್ಟೇ ಹೊತ್ತು. ಅದೇ ಮ್ಯಾಂಚೆಸ್ಟರ್ ಕೋಡ್.

ನಮ್ಮ ಬೋರ್ಡಿಗೆ ಬೇಕಾದದ್ದೂ ಅದೇ! ಸರಾಸರಿ ನೋಡಿ ತೀರ್ಪು ಕೊಡುವ ಚಿಪ್‌ಗೆ ಒಂದೇ ಸಮನೆ 0 0 0 0 ಕಳಿಸಿದರೆ ಸರಾಸರಿಯೇ ಜಾರಿಹೋಗುತ್ತದೆ. ಆರ್ಡುಯಿನೋದ ಸೀರಿಯಲ್ ವೈರನ್ನು ನೇರವಾಗಿ ಟ್ರಾನ್ಸ್‌ಮಿಟರ್‌ಗೆ ಕೊಟ್ಟವರಿಗೆ ಕಸ ಸಿಗುವುದು ಇದಕ್ಕೇ. ವರ್ಚುಯಲ್‌ವೈರ್ ಎಂಬ ಲೈಬ್ರರಿ ಮೊದಲು 36 ಬಿಟ್‌ಗಳಷ್ಟು ಬರೀ 1 0 1 0 ಕಳಿಸಿ ರಿಸೀವರ್‌ನ ಸರಾಸರಿಯನ್ನು ಹದಕ್ಕೆ ತರುತ್ತದೆ, ಆಮೇಲೆ ಪ್ರತಿ ನಾಲ್ಕು ಬಿಟ್ಟನ್ನು ಆರು ಬಿಟ್ ಮಾಡಿ 1-0 ಸಮತೂಕದಲ್ಲಿ ಕಳಿಸುತ್ತದೆ. 2014ರಿಂದ ಅದರ ಜಾಗಕ್ಕೆ ರೇಡಿಯೋಹೆಡ್ ಬಂದಿದೆ, ಒಳಗಿನ ಯುಕ್ತಿ ಇದೇ.

ನನಗೆ ಇದೆಲ್ಲ ಬೇಕಾಗಿದ್ದು ಅಪ್ಪನಿಗೋಸ್ಕರ. ಮೇಲಿನ ಟ್ಯಾಂಕಿನಲ್ಲಿ ನೀರೆಷ್ಟಿದೆ ನೋಡಲು ದಿನಾ ಬೆಳಗ್ಗೆ ಟಾರ್ಚ್ ಹಿಡಿದು ಕಬ್ಬಿಣದ ಏಣಿ ಹತ್ತುತ್ತಿದ್ದರು. ಮಂಡಿನೋವು ಬೇರೆ. ಬೇಡ ಅಂದರೆ ಕೇಳುವವರಲ್ಲ. ಟ್ಯಾಂಕಿಗೆ ನಾಲ್ಕು ಫ್ಲೋಟ್ ಸ್ವಿಚ್ ಇಳಿಬಿಟ್ಟು, ಟ್ರಾನ್ಸ್‌ಮಿಟರನ್ನು ಅದರ ಪಕ್ಕ ಕಟ್ಟಿ, ರಿಸೀವರನ್ನು ಅಡುಗೆಮನೆಯಲ್ಲಿಟ್ಟೆ. ಎರಡಕ್ಕೂ 17.3 ಸೆಂ.ಮೀ. ನೆಟ್ಟಗಿನ ತಂತಿ, ಅಂದರೆ 433.92 ಮೆಗಾಹರ್ಟ್ಸ್ ಅಲೆಯ ಕಾಲುಭಾಗ. ಅಂದಕ್ಕೆಂದು ಸುರುಳಿ ಸುತ್ತಬೇಡಿ. ಮೊದಲು ರಿಸೀವರ್‌ಗೆ ಕರೆಂಟು ಕೊಟ್ಟದ್ದು ಅಗ್ಗದ ಮೊಬೈಲ್ ಚಾರ್ಜರಿನಿಂದ. ಪಿಸುಮಾತು ಕೇಳುವ ಕಿವಿಗೆ ಚಾರ್ಜರಿನ ಗಲಾಟೆಯೂ ಕೇಳುತ್ತದೆ, ಮೂರರಲ್ಲಿ ಒಂದು ಸಂದೇಶ ಬಂದರೆ ಪುಣ್ಯ. ರಿಸೀವರ್‌ನ ಕಾಲಿಗೇ ಅಂಟಿಸಿದಂತೆ 100 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳನ್ನು ಬೆಸುಗೆ ಹಾಕಿ, ಚಾರ್ಜರನ್ನು ಒಂದು ಮಾರು ದೂರ ಸರಿಸಿದ ಮೇಲೆ ಸಂದೇಶಗಳು ಸಾಲಾಗಿ ಬಂದವು. ಈ ಟ್ರಾನ್ಸ್‌ಮಿಟರ್‌ಗೆ ಕಿವಿ ಇಲ್ಲ, ತನ್ನ ಮಾತು ತಲುಪಿತೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಸಂದೇಶವನ್ನು ಮೂರು ಸಲ ಹೇಳಿಸುತ್ತೇನೆ. ಅಪ್ಪ ಒಂದು ವಾರ ದೀಪವನ್ನೂ ನೋಡಿ, ಏಣಿಯನ್ನೂ ಹತ್ತಿ ತಾಳೆ ಹಾಕಿದರು. ಈಗ ಏಣಿ ಗ್ಯಾರೇಜಿನಲ್ಲಿದೆ :-)

ಮೊನ್ನೆ ಇನ್ನೊಂದು ರಿಸೀವರನ್ನು ಮೊದಲಿನದರ ಪಕ್ಕದಲ್ಲೇ ಇಟ್ಟು ನೋಡಿದೆ, ಸಂಪಿನ ಸೆನ್ಸರ್‌ಗೆ ಅಂತ. ಎರಡಕ್ಕೂ ಕಿವಿ ಮಂದವಾಯಿತು. ಕೂಗಿ ಕೂಗಿ ಕೇಳಿಸಿಕೊಳ್ಳುವ ಜಾತಿಯಲ್ಲವೇ, ಒಂದರ ಕೂಗು ಇನ್ನೊಂದರ ಆಂಟೆನಾಗೆ ಬೀಳುತ್ತಿತ್ತು. 1920ರ ದಶಕದಲ್ಲಿ ಅಕ್ಕಪಕ್ಕದ ಮನೆಯವರಿಗೆ ಕಾಟ ಕೊಟ್ಟ ಹಳೇ ಚಾಳಿಯೇ! ಈಗ ಅದನ್ನು ವರಾಂಡದ ಆಚೆ ತುದಿಗೆ ಹಾಕಿದ್ದೇನೆ, ನಡುವೆ ಎರಡು ಗೋಡೆ ಇವೆ.