ಶ್ರೀರಂಗಪಟ್ಟಣದ ರಾಯಭಾರವೂ ವೈದ್ಯರ ಬೇಡಿಕೆಯೂ

ಒಂದು ರಾಷ್ಟ್ರವು ಮತ್ತೊಂದಕ್ಕೆ ವೈದ್ಯರನ್ನು ಕಳುಹಿಸುವುದು ಕೇವಲ ಭೂತದಯೆಯ ಕಾರ್ಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅದರಲ್ಲಿ ದಯೆಯು ಇಲ್ಲವೆನ್ನಲಾಗದು. ಆದರೆ ರಾಜನೀತಿಯೂ ಅದರೊಡನೆ ಹೆಣೆದುಕೊಂಡಿರುತ್ತದೆ. ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ನೆಲದಲ್ಲಿಯೇ ಅದು ದೊರೆಯುತ್ತದೆ.

1787ರಲ್ಲಿ ಟೀಪೂ ಸುಲ್ತಾನನು ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿಸಿದನು. ಪುದುಚೇರಿಯಿಂದ ಹಡಗನ್ನೇರಿದ ಇವರು ಮರುವರ್ಷ ಜೂನ್ ತಿಂಗಳಲ್ಲಿ ತೂಲೋನ್ ರೇವನ್ನು ಮುಟ್ಟಿ, 1788ರ ಆಗಸ್ಟ್ 10ರಂದು ವರ್ಸೇಯ್ಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ದರ್ಶನವನ್ನು ಪಡೆದರು. ಇಂಗ್ಲಿಷರಿಗೆದುರಾಗಿ ಸೈನ್ಯದ ನೆರವೇ ಅವರ ಮುಖ್ಯ ಬೇಡಿಕೆ. ಅದರೊಡನೆ ಫಿರಂಗಿ ಎರಕ ಹೊಯ್ಯುವವರು, ಗಡಿಯಾರ ಮಾಡುವವರು, ಗಾಜು ಮತ್ತು ಪಿಂಗಾಣಿ ಕೆಲಸಗಾರರು, ಸಸ್ಯಗಳು, ಬೀಜಗಳು, ನುರಿತ ವೈದ್ಯ ಹಾಗೂ ಶಸ್ತ್ರವೈದ್ಯ ಇವೆಲ್ಲವನ್ನೂ ಕೇಳಲಾಗಿತ್ತು. ಈ ಪಟ್ಟಿಯನ್ನು ಅರಸನ ಕುತೂಹಲವೆಂದು ತಳ್ಳಿಹಾಕುವುದು ಸರಿಯಲ್ಲ. ಫಿರಂಗಿಯನ್ನೂ ಚಿಕಿತ್ಸೆಯನ್ನೂ ಒಂದೇ ಪಟ್ಟಿಯಲ್ಲಿರಿಸಿದವನು ವೈದ್ಯವಿದ್ಯೆಯನ್ನು ರಾಜ್ಯಬಲದ ಒಂದು ಅಂಗವೆಂದು ಬಗೆದಿದ್ದನು ಎಂದೇ ಊಹಿಸಬೇಕಾಗುತ್ತದೆ.

ಫ್ರಾನ್ಸು 1783ರಲ್ಲಿ ಇಂಗ್ಲೆಂಡಿನೊಡನೆ ಸಂಧಿ ಮಾಡಿಕೊಂಡಿತ್ತು. ಅದರ ಬೊಕ್ಕಸವೂ ಬರಿದಾಗಿತ್ತು. ರಾಯಭಾರಿಗಳ ದರ್ಶನವಾದ ಒಂದು ವಾರದೊಳಗೇ ಸರ್ಕಾರವು ತನ್ನ ಸಾಲದ ಪಾವತಿಗಳನ್ನು ತಡೆಹಿಡಿಯಬೇಕಾಯಿತು. ಆದುದರಿಂದ ಲೂಯಿಯು ಸೈನ್ಯದ ಮೈತ್ರಿಗೆ ಒಪ್ಪಲಿಲ್ಲ. ಕೆಲವು ಕುಶಲಕರ್ಮಿಗಳನ್ನೂ ಬೀಜಗಳನ್ನೂ ಕಳುಹಿಸಲು ಮಾತ್ರ ಸಮ್ಮತಿಸಿದನು. ಹೈದರನ ಕಾಲದಿಂದ ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಹಿರೋಡೆಯ ಬಳಿ ಬೀಡುಬಿಟ್ಟಿದ್ದುದರಿಂದಲೇ ಇಂದಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತ್ತು. ಆದರೆ ಫ್ರೆಂಚ್ ಅರಸನ ಸೈನ್ಯವು ಮಾತ್ರ ಈ ಬಾರಿ ಬರಲಿಲ್ಲ. ಸೈನಿಕನನ್ನು ಕೊಡಲಾಗದ ರಾಜ್ಯವು ಕುಶಲಿಯನ್ನು ಕೊಟ್ಟು ಸ್ನೇಹವನ್ನು ಉಳಿಸಿಕೊಳ್ಳುತ್ತದೆ ಎಂಬುದು ಇದರಿಂದ ವಿದಿತವಾಗುತ್ತದೆ.

ಕೇಳದೆ ಬಂದ ವೈದ್ಯನ ಕಥೆ ಬೇರೆ. ಶ್ರೀರಂಗಪಟ್ಟಣವು 1799ರ ಮೇ 4ರಂದು ಬಿದ್ದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಈ ಸೀಮೆಗೆ ಬಂದನು. ಅವನು ಎಡಿನ್‌ಬರೋದಲ್ಲಿ ಕಲಿತ ವೈದ್ಯ, ಕಂಪನಿಯ ವೈದ್ಯ ಸೇವೆಯವನು. ಆದರೆ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳಲ್ಲಿ ಅವನು ಮಾಡಿದ್ದು ರೋಗಿಗಳ ಪರೀಕ್ಷೆಯಲ್ಲ. ಮಣ್ಣು, ಬೆಳೆ, ಕಸುಬುಗಳ ಪರೀಕ್ಷೆ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಗ್ರಂಥವು ನಮಗೆ ಅಮೂಲ್ಯವಾದ ಆಕರವೇ ಸರಿ. ಅದು ಗೆದ್ದವರಿಗೆ ಗೆದ್ದ ನಾಡಿನ ಲೆಕ್ಕವನ್ನು ಒಪ್ಪಿಸಿದ ಗ್ರಂಥವೂ ಹೌದು.

ಇಪ್ಪತ್ತನೆಯ ಶತಮಾನದಲ್ಲಿ ಭಾರತವೇ ವೈದ್ಯರನ್ನು ಕಳುಹಿಸುವ ನಾಡಾಯಿತು. 1938ರಲ್ಲಿ, ಇನ್ನೂ ಪರಾಧೀನವಾಗಿದ್ದಾಗಲೇ, ಕಾಂಗ್ರೆಸ್ಸು ಜಪಾನಿನ ಆಕ್ರಮಣಕ್ಕೊಳಗಾಗಿದ್ದ ಚೀನಕ್ಕೆ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲೊಬ್ಬರಾದ ದ್ವಾರಕಾನಾಥ ಕೋಟ್ನಿಸರು ಕನ್ನಡಿಗರೂ ನೆಲೆಸಿರುವ ಗಡಿಯೂರಾದ ಸೊಲ್ಲಾಪುರದವರು. 1942ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಸ್ವಂತ ಸರ್ಕಾರವಿಲ್ಲದ ಜನತೆಯು ಈ ಮೂಲಕ ತನಗೂ ಒಂದು ವಿದೇಶನೀತಿಯುಂಟೆಂದು ಲೋಕಕ್ಕೆ ಸಾರಿತು. ಮತ್ತೆ 1950ರಲ್ಲಿ ಸ್ವತಂತ್ರ ಭಾರತವು ಕೊರಿಯಾದ ಯುದ್ಧಕ್ಕೆ ಕಾದಾಡುವ ಸೈನ್ಯವನ್ನು ಕಳುಹಿಸದೆ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜರ ನಾಯಕತ್ವದ ಅರವತ್ತನೆಯ ಪ್ಯಾರಾಚ್ಯೂಟ್ ವೈದ್ಯದಳವನ್ನು ಕಳುಹಿಸಿತು. ಸೈನಿಕನ ಸ್ಥಾನದಲ್ಲಿ ವೈದ್ಯ: ವರ್ಸೇಯ್ಲ್ಸಿನ ನೀತಿಗೂ ಇದಕ್ಕೂ ಹೋಲಿಕೆಯುಂಟು. ಆದರೆ ಅಲ್ಲಿ ಅಶಕ್ತಿಯು ಕಾರಣ, ಇಲ್ಲಿ ತಟಸ್ಥ ನೀತಿಯು ಕಾರಣ.

ಹೀಗೆಂದ ಮಾತ್ರಕ್ಕೆ ವೈದ್ಯನ ಸೇವೆಯ ಬೆಲೆಯು ಕುಂದುವುದಿಲ್ಲ. ಗಾಯಗೊಂಡವನಿಗೆ ಮದ್ದೇ ಮುಖ್ಯ, ಕಳುಹಿಸಿದವರ ಉದ್ದೇಶವಲ್ಲ. ಇತಿಹಾಸದ ವಿದ್ಯಾರ್ಥಿಯಾದರೋ ಮೂರು ಪ್ರಶ್ನೆಗಳನ್ನು ಬಿಡಲಾಗದು: ಕೇಳಿದವರು ಯಾರು? ಕಳುಹಿಸಿದವರು ಯಾರು? ವೈದ್ಯನು ಹಿಂದಿರುಗಿದ ಮೇಲೆ ಆ ನೆಲದಲ್ಲಿ ಉಳಿದ ವಿದ್ಯೆ ಯಾವುದು? ವೈದ್ಯನನ್ನೂ ಬೀಜವನ್ನೂ ಒಟ್ಟಿಗೆ ಬೇಡಿದ ಶ್ರೀರಂಗಪಟ್ಟಣದ ಪಟ್ಟಿಯು ಈ ಮೂರನೆಯ ಪ್ರಶ್ನೆಯನ್ನು ಅಂದೇ ಅರಿತಿದ್ದಿತೆಂದು ತೋರುತ್ತದೆ.